ಕುವೆಂಪುನಗರದ ಶನಿವಾರದ ಕಂಪ್ಯೂಟರ್ ಕ್ಲಾಸು: ಹೋಗಬಹುದಾ?

ಹೋಗಬಹುದು. ಕಣ್ಣು ಕಾಣದವರಿಗೆ ಕಂಪ್ಯೂಟರ್ ಕಲಿಸುವ ಕ್ಲಾಸು ಇದು. ಕಲಿಸುವ ಮೇಷ್ಟ್ರಿಗೂ ಕಣ್ಣು ಕಾಣುವುದಿಲ್ಲ, ಸೇರಲು ನನಗೆ ಅಷ್ಟೇ ಸಾಕಾಗಿತ್ತು. ಕೆಳಗೆ ಒಂದಿಷ್ಟು ಗೊಣಗಾಟವೂ ಇರುವುದರಿಂದ ಸಂಸ್ಥೆಯ ಹೆಸರು ಹಾಕುತ್ತಿಲ್ಲ.

ನಾನು ಮಂಡ್ಯದವಳು. ಕಣ್ಣು ವರ್ಷದಿಂದ ವರ್ಷಕ್ಕೆ ಮಂಜಾಗುತ್ತಾ ಬಂದು, ಈಗ ಕಂಪ್ಯೂಟರ್ ಪರದೆ ಅಂದರೆ ಬರೀ ಬೆಳಕು. ಕ್ಲಾಸು ಉಚಿತ. ಶಕ್ತಿ ಯೋಜನೆ ಇರುವುದರಿಂದ ನನಗೆ ಬಸ್ ಖರ್ಚೂ ಇಲ್ಲ, ಜೊತೆಗೆ ಬರುವ ತಮ್ಮನಿಗೆ ಮಾತ್ರ ಟಿಕೆಟ್.

ಕಲಿಸುವುದು ಎನ್‌ವಿಡಿಎ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಎಂಬ ಅಂಧ ಯುವಕ ಶುರು ಮಾಡಿದ್ದು, ಇವತ್ತಿಗೂ ದುಡ್ಡು ಕೊಡಬೇಕಿಲ್ಲ. ಮೇಷ್ಟ್ರು ಮೊದಲು ಮಾಡುವ ಕೆಲಸ ಮೌಸ್ ಕಿತ್ತು ಪಕ್ಕಕ್ಕಿಡುವುದು. ವೆಬ್ ಪುಟದಲ್ಲಿ ಎಚ್ ಒತ್ತಿದರೆ ತಲೆಬರಹದಿಂದ ತಲೆಬರಹಕ್ಕೆ, ಕೆ ಒತ್ತಿದರೆ ಲಿಂಕಿನಿಂದ ಲಿಂಕಿಗೆ ಜಿಗಿಯಬಹುದು. ಕನ್ನಡದ ದನಿ ಸ್ವಲ್ಪ ಯಂತ್ರದಂತಿದೆ, ರೂಢಿಯಾಗುತ್ತದೆ. ಮೇಷ್ಟ್ರು ಇಟ್ಟುಕೊಂಡಿರುವ ವೇಗದಲ್ಲಿ ಮಾತ್ರ ಅದು ನಮಗೆ ಜೀರುಂಡೆ ಸದ್ದು!

ಕಲಿತವರು ಅಲ್ಲೇ ಸ್ವಯಂಸೇವಕರಾಗಿ ಉಳಿಯಬಹುದು. ನನಗೆ ಹಿಡಿಸಿದ್ದೇ ಇದು. ಬೇರೆ ಕಡೆ ನಮ್ಮನ್ನು ಕೂರಿಸಿ ಊಟ ಹಾಕಿ ಫೋಟೋ ತೆಗೆದು ಕಳಿಸುತ್ತಾರೆ, ಅಲ್ವಾ? ಇಲ್ಲಿ ಕೆಲಸ ಕೊಡುತ್ತಾರೆ. ಒಂದೇ ಕಟ್ಟುನಿಟ್ಟು: ಬೇರೆಯವರ ಕೀಬೋರ್ಡ್ ಮುಟ್ಟಬಾರದು. ಕಣ್ಣಿರುವ ಕಾಲೇಜು ಹುಡುಗರಿಗೆ ಇದೇ ಕಷ್ಟ. "ಬಿಡಿ ಅಕ್ಕ, ನಾನೇ ಮಾಡ್ಕೊಡ್ತೀನಿ" ಅಂತ ಕೈ ಚಾಚಿಬಿಡುತ್ತಾರೆ. ಪಾಪ, ಒಳ್ಳೆ ಮನಸ್ಸಿನಿಂದಲೇ. ಆದರೆ ಹಾಗೆ ಮಾಡಿದರೆ ಕಲಿಯುವುದು ಯಾರು?

ನನ್ನ ಪಾಲಿಗೆ ಬಂದದ್ದು ಪರೀಕ್ಷೆಯ ನೋಟ್ಸ್ ತಿದ್ದುವುದು. ಒತ್ತಕ್ಷರ ಬಿಟ್ಟುಹೋಗಿದ್ದರೆ ಕಿವಿಗೆ ತಟ್ಟನೆ ಗೊತ್ತಾಗುತ್ತದೆ. ತಲೆನೋವು ಹಳೆ ಕಡತಗಳದ್ದು. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ, ಯೂನಿಕೋಡ್ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಪದ್ಧತಿ) ಅಲ್ಲದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಅಚ್ಚುಕಟ್ಟು ಕನ್ನಡ. ಒಳಗಿರುವ ಸಂಕೇತ ಮಾತ್ರ ಇಂಗ್ಲಿಷ್ ಅಕ್ಷರಗಳದ್ದು. ಹಾಗಾಗಿ ಎನ್‌ವಿಡಿಎ ಏನೇನೋ ಒದರುತ್ತದೆ. ಯೂನಿಕೋಡ್‌ಗೆ ಬದಲಾಯಿಸಿದ ಮೇಲೇ ಓದಲು ಸಾಧ್ಯ.

ಈಗ ಗೊಣಗಾಟ. ಸ್ವಯಂಸೇವಕರಾಗಲು ತುಂಬಬೇಕಾದ ಅರ್ಜಿ ಫೋಟೋ ತೆಗೆದ ಪಿಡಿಎಫ್! ಬರೀ ಚಿತ್ರ, ತಂತ್ರಾಂಶ ಓದಲು ಅದರಲ್ಲಿ ಅಕ್ಷರವೇ ಇಲ್ಲ. ಕಣ್ಣು ಕಾಣದವರ ಸಂಸ್ಥೆಯ ಅರ್ಜಿಯನ್ನು ನನ್ನ ತಮ್ಮ ಓದಿ ತುಂಬಬೇಕಾಯಿತು. ಹೇಳಿದ್ದೇನೆ, ಇನ್ನೂ ಬದಲಾಗಿಲ್ಲ.

ಬಾಗಿಲಲ್ಲಿ ರ‍್ಯಾಂಪ್ ಇದೆ, ಸುಮ್ನೆ ಇದೆ. ಅರ್ಧ ಅಡಿ ಮೆಟ್ಟಿಲಿಗೆ ಆರು ಅಡಿ ಉದ್ದ ಬೇಕು, ಒಂದಕ್ಕೆ ಹನ್ನೆರಡರ ಲೆಕ್ಕ. ಇಲ್ಲಿ ಮೊಂಡಾಗಿ ಸಿಮೆಂಟ್ ಸುರಿದಿದ್ದಾರೆ. ಫೋನ್ ಕೆಲಸಕ್ಕೆ ವೀಲ್‌ಚೇರ್‌ನಲ್ಲಿ ಬರುವ ಅಕ್ಕ ಒಬ್ಬರನ್ನು ಇಬ್ಬರು ಎತ್ತಿ ಒಳಗೆ ಬಿಡುತ್ತಾರೆ. ಅವರಿಗೆ ಅದು ಒಂಚೂರೂ ಇಷ್ಟವಿಲ್ಲ. ಸನ್ನೆ ಭಾಷೆ ಬಲ್ಲವರೂ ಇಲ್ಲ, ಕಿವಿ ಕೇಳದವರು ವಿಚಾರಿಸಿ ಹಾಗೇ ಹೋಗುತ್ತಾರೆ. ಬೋರ್ಡಿನಲ್ಲಿ ಮಾತ್ರ "ಎಲ್ಲರಿಗೂ ಸ್ವಾಗತ".

ಕಣ್ಣಿನ ತೊಂದರೆ ಇರುವವರು ಧೈರ್ಯವಾಗಿ ಸೇರಿ. ಉಳಿದವರು ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ಹೆಡ್‌ಫೋನ್ ನಿಮ್ಮದೇ ತನ್ನಿ, ಅಲ್ಲಿನವು ಒಂದು ಕಿವಿಗೆ ಕೇಳಿದರೆ ಇನ್ನೊಂದಕ್ಕೆ ಇಲ್ಲ. ಪೆನ್‌ಡ್ರೈವ್ ಕೂಡ ಇರಲಿ. ಎನ್‌ವಿಡಿಎ ಅದರಲ್ಲೇ ಹಾಕಿಕೊಡುತ್ತಾರೆ, ಬೇರೆ ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿದರೂ ನಡೆಯುತ್ತದೆ.