ಕೇದಾರನಾಥದ ಹೆಲಿಕಾಪ್ಟರ್ ಟಿಕೆಟ್ ವಾಟ್ಸಾಪ್‌ನಲ್ಲಿ ಸಿಗುವುದಿಲ್ಲ, ದಯವಿಟ್ಟು ಮೋಸಹೋಗಬೇಡಿ

ಫಾಟಾ ಹೆಲಿಪ್ಯಾಡ್‌ನ ಕೌಂಟರ್‌ನಲ್ಲಿದ್ದ ಹುಡುಗ ನಮ್ಮ ಟಿಕೆಟ್ಟಿನ ಕ್ಯೂಆರ್ ಕೋಡನ್ನು ಮೂರು ಸಲ ಸ್ಕ್ಯಾನ್ ಮಾಡಿದ. ಮೂರನೇ ಸಲವೂ ಏನೂ ಬರಲಿಲ್ಲ. ಕಾಗದ ವಾಪಸ್ ಕೊಟ್ಟು "ಯೇ ಫರ್ಜೀ ಹೈ" (ಇದು ನಕಲಿ) ಅಂದ. ಆ ದಿನ ನಮ್ಮ ಥರ ಬಂದವರು ಇನ್ನೂ ಇಬ್ಬರಿದ್ದರಂತೆ.

ಅವ್ವನಿಗೆ 68 ವರ್ಷ, ಎರಡೂ ಮಂಡಿ ನೋವು. ಕೇದಾರ ನೋಡಬೇಕು ಅನ್ನೋದು ಅವಳ ಎಷ್ಟೋ ವರ್ಷದ ಆಸೆ. ನಮ್ಮ ದಾವಣಗೆರೆ ಕಡೆ ಎಷ್ಟೋ ಮನೆಗಳಲ್ಲಿ ಈ ಆಸೆ ಇರುತ್ತೆ. ಅಲ್ಲಿ ರಾವಲರು, ಅಂದರೆ ಮುಖ್ಯ ಅರ್ಚಕರು, ಆಗುವವರು ನಮ್ಮ ದಕ್ಷಿಣದ ವೀರಶೈವ ಜಂಗಮರೇ ಅಲ್ವಾ. ಆದರೆ ಗೌರಿಕುಂಡದಿಂದ ಗುಡಿಗೆ ಸುಮಾರು 16 ಕಿಲೋಮೀಟರ್ ಏರುದಾರಿ. ಗುಡಿ ಇರುವುದು 3,500 ಮೀಟರ್‌ಗೂ ಎತ್ತರದಲ್ಲಿ. ಅವ್ವನ ಕೈಲಿ ಆಗಲ್ಲ ಅಂತ ಹೆಲಿಕಾಪ್ಟರ್ ಹುಡುಕಿದೆ.

ಗೂಗಲ್‌ನಲ್ಲಿ ಮೇಲೆಯೇ ಸಿಕ್ಕ ನಂಬರಿಗೆ ಫೋನ್ ಮಾಡಿದ್ದು ನನ್ನ ತಪ್ಪು. ಆ ಕಡೆಯವನು ತುಂಬಾ ಮರ್ಯಾದೆಯಿಂದ ಮಾತಾಡಿದ. ವಾಟ್ಸಾಪ್ ಡಿಪಿಯಲ್ಲಿ ಹೆಲಿಕಾಪ್ಟರ್ ಫೋಟೋ. ಮೂರು ಜನಕ್ಕೆ ಮೊದಲು ಅರ್ಧ ದುಡ್ಡು, ಆಮೇಲೆ ಉಳಿದರ್ಧ, ಕೊನೆಗೆ "ಇನ್ಶೂರೆನ್ಸ್, ವಾಪಸ್ ಬರುತ್ತೆ" ಅಂತ ಮತ್ತೆ ಆರು ಸಾವಿರ. ಮೂರು ಸಲವೂ ಯಾರದೋ ಹೆಸರಿನ ಯುಪಿಐಗೆ ಕಳಿಸಿದೆ. ಒಟ್ಟು 30,600 ರೂಪಾಯಿ. ಪಿಡಿಎಫ್ ಟಿಕೆಟ್ ಬಂತು, ಲೋಗೋ ಎಲ್ಲ ಸರಿಯಾಗಿಯೇ ಇತ್ತು. ಅವ್ವ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ವಿಭೂತಿ ಗಟ್ಟಿಯ ಜೊತೆ ಚೀಲದಲ್ಲಿಟ್ಟುಕೊಂಡಿದ್ದಳು.

ಒಂದು ಸಂಗತಿ ನಾನು ಗಮನಿಸಬೇಕಿತ್ತು. ಅವನು ನಮ್ಮ ಯಾತ್ರಾ ನೋಂದಣಿ ಸಂಖ್ಯೆ ಕೇಳಲೇ ಇಲ್ಲ. ಕೇದಾರವೂ ಸೇರಿದ ಚಾರ್‌ಧಾಮ್‌ಗೆ ಹೋಗುವವರು ಉತ್ತರಾಖಂಡ ಸರ್ಕಾರದಲ್ಲಿ ಮೊದಲು ನೋಂದಣಿ ಮಾಡಿಸಬೇಕು. ಆ ಸಂಖ್ಯೆ ಇಲ್ಲದೆ ಹೆಲಿಕಾಪ್ಟರ್ ಟಿಕೆಟ್ ಬುಕ್ ಆಗುವುದೇ ಇಲ್ಲ. ಗುಪ್ತಕಾಶಿ, ಫಾಟಾ, ಸೆರ್ಸಿಯಿಂದ ಹಾರುವ ಈ ಟಿಕೆಟ್‌ಗಳನ್ನು 2023ರಿಂದ ಮಾರುತ್ತಿರುವುದು ರೈಲು ಟಿಕೆಟ್ ಮಾರುವ ಐಆರ್‌ಸಿಟಿಸಿಯ ಹೆಲಿಯಾತ್ರಾ ವೆಬ್‌ಸೈಟ್. ಬುಕಿಂಗ್ ತೆರೆದ ಸ್ವಲ್ಪ ಹೊತ್ತಿಗೇ ಸೀಟು ಖಾಲಿಯಾಗುತ್ತೆ. ಸೀಟು ಸಿಗದೆ ಒದ್ದಾಡುವ ನಮ್ಮಂಥವರಿಗಾಗಿಯೇ ಈ ಮೋಸಗಾರರು ಕಾದಿರುತ್ತಾರೆ. ಆ ವೆಬ್‌ಸೈಟ್‌ನ ವಿಳಾಸ ನೀವೇ ಟೈಪ್ ಮಾಡಿ. ಹುಡುಕಾಟದಲ್ಲಿ ಬರುವ ಜಾಹೀರಾತು ಒತ್ತಬೇಡಿ, ಒಂದಕ್ಷರ ಆಚೀಚೆ ಮಾಡಿದ ನಕಲಿ ಸೈಟ್‌ಗಳೂ ಇರುತ್ತವೆ.

ದುಡ್ಡು ಹೋಗಿದೆ ಅಂತ ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದರೆ ಆ ಖಾತೆಯಲ್ಲಿ ಉಳಿದಿರುವ ಹಣವನ್ನು ತಡೆಹಿಡಿಯಬಹುದು. ನಾನು ದುಡ್ಡು ಕಳಿಸಿ ಹತ್ತು ದಿನ ಆಗಿತ್ತು. ಒಂದು ರೂಪಾಯಿಯೂ ಸಿಗಲಿಲ್ಲ.

ಅವತ್ತು ಅವ್ವ "ಇಲ್ಲೀತನಕ ಬಂದು ಹಂಗೇ ಹೋಗೋದು ಬ್ಯಾಡ ಕಣಪ್ಪಾ" ಅಂದಳು. ಸೋನ್‌ಪ್ರಯಾಗದವರೆಗೆ ಗಾಡಿಯಲ್ಲಿ, ಅಲ್ಲಿಂದ ಗೌರಿಕುಂಡಕ್ಕೆ ಶಟಲ್ ಜೀಪಿನಲ್ಲಿ ಹೋದೆವು. ಮಾರನೇ ದಿನ ನಸುಕಿಗೇ ನಾಲ್ಕು ಜನ ಹೊರುವ ದಂಡಿ ಮಾಡಿಸಿದೆವು. ಸಂಜೆ ಗುಡಿ ಮುಟ್ಟಿದಾಗ ಅವಳ ಕೈ ಬೆರಳುಗಳು ಚಳಿಗೆ ಸೆಟೆದು ನಿಂತಿದ್ದವು. 2013ರ ಪ್ರವಾಹದಲ್ಲಿ ಗುಡಿಯ ಹಿಂದೆ ಬಂದು ನಿಂತ ದೊಡ್ಡ ಬಂಡೆಗೆ ಹಣೆ ಹಚ್ಚಿ ಬಹಳ ಹೊತ್ತು ನಿಂತಳು.

ನಿಮಗೂ ಹೆಲಿಕಾಪ್ಟರ್ ಸೀಟು ಸಿಗದಿದ್ದರೆ ಕುದುರೆ, ದಂಡಿ, ಕಂಡಿ (ಒಬ್ಬರು ಬೆನ್ನ ಮೇಲೆ ಹೊರುವ ಬುಟ್ಟಿ) ಇವೆ. ದಾರಿಯಲ್ಲಿ ಕೈ ಹಿಡಿದು ಎಳೆಯುವವರ ಜೊತೆ ಹೋಗಬೇಡಿ. ಪ್ರೀಪೇಯ್ಡ್ ಕೌಂಟರ್‌ನಲ್ಲಿ ದುಡ್ಡು ಕಟ್ಟಿ, ಚೀಟಿ ತಗೊಂಡು ಹತ್ತಿ.