ಒಂದು ಫಾರಂ ಕಡಿಮೆ: ಕಲಬುರಗಿಯ ಬಾಡಿಗೆ ಪುಸ್ತಕದಂಗಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಒಂದು ಒಳಗಲ್ಲಿಯಲ್ಲಿ, ಬಟ್ಟೆಯಂಗಡಿಗೂ ಗಡಿಯಾರ ರಿಪೇರಿಯ ಗೂಡಿಗೂ ನಡುವೆ, ಫಲಕವೇ ಇಲ್ಲದ ಒಂದು ಪುಸ್ತಕದಂಗಡಿ ಇದೆ. ಹಳೆಯ ಪುಸ್ತಕಗಳನ್ನು ಮಾರುವುದರ ಜೊತೆಗೆ ಬಾಡಿಗೆಗೂ ಕೊಡುವ ಈ ಅಂಗಡಿಯನ್ನು ಹುಡುಕಿಕೊಂಡು ಹೋಗುವವರು 'ಬಾಡಿಗಿ ಪುಸ್ತಕದ ಅಂಗಡಿ ಎಲ್ಲಿ' ಎಂದು ಕೇಳಿದರೆ ಸಾಕು, ಗಡಿಯಾರದವರು ತಲೆಯೆತ್ತದೆ ಕೈ ತೋರಿಸುತ್ತಾರೆ. ನಾನು ಎರಡು ವರ್ಷಗಳಿಂದ ಅಲ್ಲಿನ ಗಿರಾಕಿ. ನಾನು ಓದುವುದು ಹೆಚ್ಚಾಗಿ ಫ್ಯಾಂಟಸಿ. ಮಾಂತ್ರಿಕರು, ಶಾಪಗ್ರಸ್ತ ಕೋಟೆಗಳು, ಭೂಪಟದ ಅಂಚಿನಾಚೆಯ ನಾಡುಗಳು. ಹೀಗಾಗಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಹುಡುಕುವವರಿಗೆ ಈ ವಿಮರ್ಶೆಯಿಂದ ಹೆಚ್ಚಿನ ಪ್ರಯೋಜನವಾಗದು. ಆ ಪುಸ್ತಕಗಳು ಬಾಗಿಲಲ್ಲೇ ರಾಶಿ ಬಿದ್ದಿವೆ. ನಾನು ಅವನ್ನು ದಾಟಿಕೊಂಡು ಒಳಗೆ ಹೋಗುವವನು.

ವ್ಯವಹಾರದ ಮಾತು ಮೊದಲು ಮುಗಿಸಿಬಿಡುತ್ತೇನೆ. ಠೇವಣಿ ಐದುನೂರು ರೂಪಾಯಿ. ಪುಸ್ತಕದ ಮುಖಬೆಲೆಯ ಹತ್ತನೆಯ ಒಂದು ಭಾಗ ಬಾಡಿಗೆ, ಅವಧಿ ಹತ್ತು ದಿನ, ತಡವಾದರೆ ದಿನಕ್ಕೆ ಎರಡು ರೂಪಾಯಿ. ಲೆಕ್ಕವೆಲ್ಲ ಉದ್ದನೆಯ ಹಾಳೆಯ ವಹಿಯಲ್ಲಿ, ತೊಗರಿ ಅಡತಿಯವರ ಖಾತೆಯಂತೆ. ಬೇಸಿಗೆಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಾಗಿಲು ಹಾಕುತ್ತಾರೆಂದು ಹೇಳುತ್ತಾರಾದರೂ, ಒಳಗೆ ಕುಳಿತು ಓದುತ್ತಿರುವವರನ್ನು ಎಬ್ಬಿಸಿ ಕಳಿಸಿದ್ದನ್ನು ನಾನು ಕಂಡಿಲ್ಲ. ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದ್ದಾರೆ. ಮೇ ತಿಂಗಳಲ್ಲಿ ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು ಕಾಯುವಾಗ ಆ ಕಲ್ಲಿನ ಮೇಲೆ ಕಾಲು ಚಾಚಿ ಕುಳಿತು, ಹಿಮದಲ್ಲಿ ಹೂತುಹೋದ ಯಾವುದೋ ಕಣಿವೆಯ ಕಥೆ ಓದುವ ಸುಖಕ್ಕೆ ಬಾಡಿಗೆ ಕೊಡುವುದಾದರೆ ನಾನು ಇನ್ನೂ ಹೆಚ್ಚು ಕೊಡಬೇಕಾಗುತ್ತದೆ. ಒಂದೇ ನಿಯಮ: ಸುಸಲಾ ಮಿರ್ಚಿ ತಿಂದ ಕೈಯಲ್ಲಿ ಪುಸ್ತಕ ಮುಟ್ಟುವಂತಿಲ್ಲ. ನೀರಿನ ಹೂಜಿ, ಒರೆಸಿಕೊಳ್ಳುವ ಬಟ್ಟೆ ಎರಡೂ ಹೊಸ್ತಿಲ ಬಳಿಯೇ ಇವೆ.

ನಮ್ಮಂಥ ಓದುಗರಿಗೆ ಈ ಅಂಗಡಿಯ ನಿಜವಾದ ಬೆಲೆ ಇರುವುದು ಕಪಾಟುಗಳನ್ನು ಜೋಡಿಸಿದ ಕ್ರಮದಲ್ಲಿ. ಸರಣಿ ಕಾದಂಬರಿಗಳನ್ನು ಇಲ್ಲಿ ಬಿಡಿಬಿಡಿಯಾಗಿ ಇಡುವುದಿಲ್ಲ. ಎಲ್ಲ ಸಂಪುಟಗಳೂ ಇದ್ದರೆ ಅವನ್ನು ಕ್ರಮವಾಗಿ ಪೇರಿಸಿ ಸುತಳಿಯಿಂದ ಕಟ್ಟಿರುತ್ತಾರೆ; ನಡುವೆ ಒಂದು ಸಂಪುಟ ಕಳೆದಿದ್ದರೆ, ಅಥವಾ ಲೇಖಕರೇ ಕೊನೆಯ ಸಂಪುಟವನ್ನು ಇನ್ನೂ ಬರೆದಿರದಿದ್ದರೆ, ಸುತಳಿಯ ಬದಲು ಕೆಂಪು ದಾರ. ಕೆಂಪು ದಾರದ ಕಟ್ಟಿಗೆ ಕೈ ಹಾಕಿದ ಗಿರಾಕಿಗೆ 'ಮುಂದ ಇಲ್ರಿ ಇದು' ಎಂದು ಒಮ್ಮೆ ಎಚ್ಚರಿಸಿ ಸುಮ್ಮನಾಗುತ್ತಾರೆ. ದೊಡ್ಡ ನಗರಗಳ ಹವಾನಿಯಂತ್ರಿತ ಮಳಿಗೆಗಳಲ್ಲಿ ಮೊದಲನೆಯ ಸಂಪುಟವೂ ನಾಲ್ಕನೆಯ ಸಂಪುಟವೂ ಪಕ್ಕಪಕ್ಕದಲ್ಲಿ ನಾಚಿಕೆಯಿಲ್ಲದೆ ನಿಂತಿರುವುದನ್ನು ನೋಡಿ ಬೇಸತ್ತವನಿಗೆ ಈ ಕೆಂಪು ದಾರ ಎಷ್ಟು ದೊಡ್ಡ ಉಪಕಾರವೆಂಬುದು ಅರ್ಥವಾದೀತು.

ಏಕೆಂದರೆ ಮುಗಿಯದ ಕಥೆ ನನ್ನ ಹಳೆಯ ಭಯಗಳಲ್ಲಿ ಒಂದು. ಇದನ್ನು ಹೇಳಿದರೆ ಮನೆಯವರು ನಗುತ್ತಾರೆ. ಆದರೆ ಐದು ಸಂಪುಟಗಳಷ್ಟು ದೂರ ಒಬ್ಬರ ಬೆನ್ನು ಹಿಡಿದು ನಡೆದು, ಆರನೆಯದು ಬರುವ ಮೊದಲೇ ಬರೆಯುವವರ ಮನಸ್ಸೋ ಆಯುಸ್ಸೋ ತೀರಿಬಿಟ್ಟರೆ ಓದುಗ ನಿಂತುಬಿಡುವ ಜಾಗ ಯಾವುದು ಎಂಬ ಯೋಚನೆ ನನಗೆ ನಿಜವಾಗಿಯೂ ನಿದ್ದೆ ಕೆಡಿಸಿದೆ. ಇಂಗ್ಲಿಷ್ ಲೇಖಕ ಟೋಲ್ಕಿನ್ ಒಂದೇ ಕೃತಿಯಾಗಿ ಬರೆದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಮಹಾಕಾದಂಬರಿಯನ್ನು ಪ್ರಕಾಶಕರು ಕಾಗದ ಮತ್ತು ಮುದ್ರಣದ ಖರ್ಚಿಗೆ ಹೆದರಿ ಮೂರು ಭಾಗ ಮಾಡಿದರು. ಎರಡನೆಯದು ಬಂದದ್ದು 1954ರ ನವೆಂಬರ್‌ನಲ್ಲಿ, ಮೂರನೆಯದು 1955ರ ಅಕ್ಟೋಬರ್‌ನಲ್ಲಿ. ಎರಡನೆಯ ಭಾಗ ಮುಗಿಯುವಾಗ ಕಥಾನಾಯಕ ಶತ್ರುವಿನ ಕೈಸೆರೆಯಾಗಿರುತ್ತಾನೆ. ಅಂದಿನ ಓದುಗರು ಹನ್ನೊಂದು ತಿಂಗಳು ಅವನನ್ನು ಸೆರೆಯಲ್ಲಿಟ್ಟುಕೊಂಡು ಹೇಗೆ ಊಟ ಮಾಡಿದರೋ ನಾನರಿಯೆ. ಈ ಅಂಗಡಿಯಲ್ಲಿ ಆ ಮೂರೂ ಸುತಳಿಯ ಕಟ್ಟಿನಲ್ಲಿವೆ.

ಸಂಗ್ರಹದ ಬಗ್ಗೆ ಹೇಳುವುದಾದರೆ, ಇಂಗ್ಲಿಷಿನದೇ ಸಿಂಹಪಾಲು. ಕನ್ನಡದ ಅದ್ಭುತ ಕಥೆಗಳಿಗೆ ಒಂದೂವರೆ ಹಲಗೆ ಮಾತ್ರ ಸಿಕ್ಕಿದೆ, ಅದರಲ್ಲೂ ಅರ್ಧ ಮಕ್ಕಳ ಪುಸ್ತಕಗಳು. ಇದು ಅಂಗಡಿಯ ತಪ್ಪಲ್ಲ, ಫ್ಯಾಂಟಸಿ ಎಂದರೆ ಮೀಸೆ ಬರುವ ಮೊದಲು ಓದಿ ಬಿಡುವ ವಸ್ತುವೆಂದು ನಾವೇ ತೀರ್ಮಾನಿಸಿದ್ದೇವೆ. ಇದು ಹೊರನಾಡಿನಿಂದ ಬಂದ ಚಟವೆನ್ನುವವರನ್ನು ಕಂಡರಂತೂ ನನಗೆ ತಾಳ್ಮೆ ಉಳಿಯುವುದಿಲ್ಲ. ಬೇತಾಳನ ಇಪ್ಪತ್ತೈದು ಕಥೆಗಳನ್ನು ಒಡಲಲ್ಲಿಟ್ಟುಕೊಂಡ ಕಥಾಸರಿತ್ಸಾಗರವನ್ನು ಕಾಶ್ಮೀರದ ಸೋಮದೇವ ಬರೆದದ್ದು ಹನ್ನೊಂದನೆಯ ಶತಮಾನದಲ್ಲಿ. ಅದೇ ಶತಮಾನದಲ್ಲಿ ನಮ್ಮ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ದುರ್ಗಸಿಂಹ, ಮಾತನಾಡುವ ಪ್ರಾಣಿಗಳ ಪಂಚತಂತ್ರವನ್ನು ಕನ್ನಡಕ್ಕೆ ತಂದ. 1949ರಲ್ಲಿ ಕನ್ನಡದಲ್ಲಿ ಆರಂಭವಾದ ಚಂದಮಾಮದ ಹಳೆಯ ಸಂಚಿಕೆಗಳ ಬೈಂಡು ಮಾಡಿದ ಕಟ್ಟುಗಳು ಇಲ್ಲಿ ಆರೇಳು ಇವೆ. ಅವನ್ನು ಬಾಡಿಗೆಗೆ ಕೊಡುವುದಿಲ್ಲ, ಅಲ್ಲಿಯೇ ಓದಬೇಕು. ಹೆಗಲ ಮೇಲೆ ಶವ, ಕೈಯಲ್ಲಿ ಖಡ್ಗ, ಸುತ್ತ ಸ್ಮಶಾನದ ಮರಗಳಿರುವ ಚಿತ್ರಕಾರ ಶಂಕರ್ ಅವರ ಆ ಬೇತಾಳ ಕಥೆಯ ಚಿತ್ರವನ್ನು ಮಧ್ಯವಯಸ್ಸಿನ ಗಂಡಸರು ಬೆರಳಿನಿಂದ ಸವರಿ ನೋಡುವುದನ್ನು ನಾನು ಕಂಡಿದ್ದೇನೆ.

ಉರ್ದು ಕಪಾಟು ಕನ್ನಡದ್ದಕ್ಕಿಂತ ದೊಡ್ಡದು. ಲಿಪಿ ನನಗೆ ಬಾರದು. ಆದರೂ ನನ್ನ ರುಚಿಯನ್ನು ಅರಿತ ಅಂಗಡಿಯವರು ಒಮ್ಮೆ ಅದರಿಂದ ತಿಲಿಸ್ಮ್-ಎ-ಹೋಶ್‌ರುಬಾದ ಒಂದು ಸಂಕ್ಷಿಪ್ತ ಆವೃತ್ತಿಯನ್ನು ತೆಗೆದು, ಅರ್ಧ ಗಂಟೆ ಅದರ ಕಥೆ ಹೇಳಿದರು. ಲಖನೌದ ನವಲ್ ಕಿಶೋರ್ ಮುದ್ರಣಾಲಯದಿಂದ 1883ರಿಂದ ಸಂಪುಟಗಟ್ಟಲೆ ಹೊರಬಂದ ದಾಸ್ತಾನ್ (ಸುದೀರ್ಘ ಸಾಹಸಕಥೆ) ಅದು. ತಿಲಿಸ್ಮ್ ಎಂದರೆ ಮಂತ್ರದಿಂದ ಕಟ್ಟಿದ ಒಂದು ಇಡೀ ಲೋಕ. ಅದನ್ನು ಕಟ್ಟಿದವರೇ ಅದನ್ನು ಮುರಿಯುವ ದಾರಿಯನ್ನು 'ಲೌಹ್' ಎಂಬ ಒಂದು ಫಲಕದಲ್ಲಿ ಬರೆದು ಎಲ್ಲೋ ಬಚ್ಚಿಟ್ಟಿರುತ್ತಾರೆ. ಏಳು ಸಮುದ್ರದಾಚೆಯ ಗಿಳಿಯಲ್ಲಿ ಜೀವ ಇಟ್ಟ ನಮ್ಮ ಅಜ್ಜಿಕಥೆಯ ರಾಕ್ಷಸನಿಗೂ ಇದೇ ಕಟ್ಟಳೆ. ಫ್ಯಾಂಟಸಿಯ ಬಗ್ಗೆ ನನ್ನ ಹಟದ ಅಭಿಪ್ರಾಯವೂ ಇದೇ: ಮಾಯೆಗೆ ಕಟ್ಟಳೆಯಿರಬೇಕು, ಮಂತ್ರ ಹಾಕಿದವನು ಏನನ್ನಾದರೂ ಕಳೆದುಕೊಳ್ಳಬೇಕು. ಕೊನೆಯ ಅಧ್ಯಾಯದಲ್ಲಿ ನಾಯಕನಿಗೆ ಹಠಾತ್ತನೆ ಹೊಸ ಶಕ್ತಿ ಉಕ್ಕಿಬರುವ ಕಾದಂಬರಿಗಳನ್ನು ನಾನು ಎಷ್ಟು ದಪ್ಪವಿದ್ದರೂ ಮರುದಿನವೇ ಹಿಂದಿರುಗಿಸುತ್ತೇನೆ. ಅಂಗಡಿಯವರು ಏನೂ ಕೇಳದೆ ವಹಿಯಲ್ಲಿ ಅಡ್ಡಗೀಟು ಎಳೆಯುತ್ತಾರೆ.

ಇನ್ನು ದೂರು. ಇಲ್ಲಿ ಅಸಲಿ ಮುದ್ರಣವೂ ನಕಲಿ ಮುದ್ರಣವೂ ಒಂದೇ ಹಲಗೆಯ ಮೇಲೆ ಕೂಡುತ್ತವೆ. ಕೆಂಪು ದಾರ ಕಟ್ಟುವಷ್ಟು ಶಿಸ್ತುಳ್ಳ ಅಂಗಡಿಯಲ್ಲಿ ನಕಲಿಗೆ ಮಾತ್ರ ಯಾವ ಗುರುತೂ ಇಲ್ಲ. ಫುಟ್‌ಪಾತಿನಿಂದ ಬರುವ ನಕಲಿ ಪ್ರತಿಗಳ ಕಾಗದ ಉಪ್ಪಿಟ್ಟು ಕಟ್ಟುವ ಹಾಳೆಯಂತಿರುತ್ತದೆ, ಅದನ್ನು ಸಹಿಸಬಹುದು. ಆದರೆ ಭೂಪಟವನ್ನು ನಕಲಿ ಅಚ್ಚಿನವರು ಹಾಳು ಮಾಡುವುದನ್ನು ಸಹಿಸಲಾಗದು. ಇಂಥ ಕಾದಂಬರಿಗಳಲ್ಲಿ ಭೂಪಟ ಕಥೆಯ ಒಂದು ಅಂಗ. ಟೋಲ್ಕಿನ್ ಅವರ ಕಾದಂಬರಿಯ ಭೂಪಟವನ್ನು ಅಚ್ಚಿಗಾಗಿ ಬರೆದುಕೊಟ್ಟವರು ಅವರ ಮಗ ಕ್ರಿಸ್ಟೋಫರ್, ಮನೆಯೊಳಗೇ ನಡೆದ ಕೆಲಸ ಅದು. ಅಂಥದ್ದನ್ನು ನಕಲಿಯವರು ಅಂಗೈಯಗಲಕ್ಕೆ ಕುಗ್ಗಿಸಿ, ನದಿಗೂ ರಸ್ತೆಗೂ ಭೇದವಿಲ್ಲದಂತೆ ಮಸಿ ಮೆತ್ತಿ, ಕೆಲವೊಮ್ಮೆ ಇಡೀ ಪುಟವನ್ನೇ ಬಿಟ್ಟು ಅಚ್ಚು ಹಾಕುತ್ತಾರೆ. ಪ್ರಯಾಣಿಕರು ಯಾವ ಬೆಟ್ಟದ ಬುಡದಲ್ಲಿ ದಾರಿ ತಪ್ಪಿದರೆಂಬುದು ತಿಳಿಯದೆ ನಾನೂ ಅವರ ಜೊತೆ ದಾರಿ ತಪ್ಪಿದ್ದುಂಟು.

ಅದಕ್ಕಿಂತ ದೊಡ್ಡ ಅನಾಹುತ ನಡೆದದ್ದು ಕಳೆದ ಮಳೆಗಾಲದಲ್ಲಿ. ಅಲ್ಲಿಂದ ತಂದ ಒಂದು ಕಾದಂಬರಿಯಲ್ಲಿ (ಓದದವರ ರುಚಿ ಕೆಡದಿರಲೆಂದು ಹೆಸರು ಹೇಳುವುದಿಲ್ಲ) ನಾಯಕ ಬೆಟ್ಟದೊಳಗಿನ, ನೀರು ತುಂಬಿದ ಒಂದು ಸುರಂಗದ ಬಾಯಿಗೆ ಬಂದು, ಪಂಜನ್ನು ತಲೆಯ ಮೇಲೆತ್ತಿ ಹಿಡಿದು, ಒಳಗೆ ಕಾಲಿಡುತ್ತಾನೆ. ಅಲ್ಲಿಗೆ 208ನೆಯ ಪುಟ ಮುಗಿಯಿತು. ಎದುರಿಗಿದ್ದದ್ದು 225. ಅಲ್ಲಿ ಅವನು ಬಿಸಿಲಿನಲ್ಲಿ ಕುಳಿತು ಬಟ್ಟೆ ಒಣಗಿಸುತ್ತಿದ್ದ.

ನನಗೆ ಮೊದಲು ಆದದ್ದು ಸಮಾಧಾನ, ಇದನ್ನು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಸುರಂಗ ಮತ್ತು ಕತ್ತಲ ನೀರು ನನ್ನ ಇನ್ನೊಂದು ಭಯ. ಹತ್ತು ವರ್ಷದವನಿದ್ದಾಗ ಅಪ್ಪ ನನ್ನನ್ನು ಬೀದರ್‌ನ ಝರಣಿ ನರಸಿಂಹ ಗುಹಾದೇವಾಲಯಕ್ಕೆ ಕರೆದೊಯ್ದಿದ್ದರು. ನೋಡಿದವರಿಗೆ ಗೊತ್ತು: ಸುಮಾರು 300 ಮೀಟರ್ ಉದ್ದದ ಸುರಂಗದಲ್ಲಿ, ದೊಡ್ಡವರಿಗೆ ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ತಲುಪಬೇಕು, ಮೇಲೆ ಛಾವಣಿಗೆ ಬಾವಲಿಗಳು ಜೋತುಬಿದ್ದಿರುತ್ತವೆ. ಅಪ್ಪನ ಹೆಗಲ ಮೇಲೆ ಕುಳಿತಿದ್ದ ನನಗೆ ಬಾವಲಿಗಳು ಉಳಿದವರಿಗಿಂತ ಹತ್ತಿರವಿದ್ದವು. ಮುಂದಿದ್ದವರೆಲ್ಲ 'ಗೋವಿಂದಾ' ಎನ್ನುತ್ತಿದ್ದರು, ನಾನು ಅಪ್ಪನ ಕೂದಲು ಹಿಡಿದು ಕಿರುಚುತ್ತಿದ್ದೆ. ಇಪ್ಪತ್ತು ಹೆಜ್ಜೆಯೂ ಆಗಿರಲಿಲ್ಲ, ಅಪ್ಪ ಜನರನ್ನು ಸರಿಸಿಕೊಂಡು ಹಿಂದಿರುಗಿದರು. ಅಂದು ಕಾಣದ ನರಸಿಂಹನನ್ನು ನಾನು ಇಂದಿಗೂ ಕಂಡಿಲ್ಲ. ಪುಸ್ತಕದಲ್ಲಿ ಸುರಂಗ ಬಂದಾಗಲೆಲ್ಲ ಹಗಲು ಹೊತ್ತಿಗೆ ಕಾದು, ಕಿಟಕಿಯ ಪಕ್ಕ ಕುಳಿತು ಓದುವುದು ನನ್ನ ರೂಢಿ.

ಆದ್ದರಿಂದ ಹದಿನಾರು ಪುಟಗಳ ಸುರಂಗ ತಾನಾಗಿಯೇ ತಪ್ಪಿದಾಗ ಒಂದು ಕ್ಷಣ ಹಗುರಾದೆ. ಆಮೇಲೆ ಕಸಿವಿಸಿ ಶುರುವಾಯಿತು. ಹೊರಬಂದವನ ಎಡಗೈಗೆ ಕಟ್ಟು ಹಾಕಿತ್ತು, ಜೊತೆಗಿದ್ದ ನಾಯಿ ಇರಲಿಲ್ಲ, ಅದರ ಸುದ್ದಿಯನ್ನು ಯಾರೂ ಎತ್ತುತ್ತಿರಲಿಲ್ಲ. ಓದಿ ಹೆದರಿದ್ದರೆ ಹೆದರಿಕೆ ಅಲ್ಲಿಗೇ ಮುಗಿಯುತ್ತಿತ್ತು. ಓದದ ಕಾರಣ ಆ ಸುರಂಗ ಮೂರು ರಾತ್ರಿ ನನ್ನ ಮಂಚದ ಕೆಳಗೆ ಬಂದು ಮಲಗಿತು.

ಪುಸ್ತಕ ಹಿಡಿದು ಅಂಗಡಿಗೆ ಹೋದಾಗ ಜಗಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಅವರು ಪುಸ್ತಕದ ಬೆನ್ನನ್ನು ಬೆಳಕಿಗೆ ಹಿಡಿದು, ಹೊಲಿಗೆಯನ್ನು ಉಗುರಿನಿಂದ ಬಿಡಿಸಿ ನೋಡಿ, 'ಬೈಂಡಿಂಗ್‌ದಾಗ ಒಂದು ಫಾರಂ ತಪ್ಪ್ಯದ ನೋಡ್ರಿ' ಎಂದರು. ಹದಿನಾರು ಪುಟಗಳು ಒಟ್ಟಿಗೆ ಅಚ್ಚಾಗಿ ಮಡಚಿಬರುವ ಹಾಳೆಗೆ ಫಾರಂ ಎನ್ನುತ್ತಾರೆ. ಹದಿಮೂರು ಫಾರಂಗಳಿಗೆ 208 ಪುಟ, ಹದಿನಾಲ್ಕನೆಯದು ಸೇರಿಸುವವನ ಕೈ ತಪ್ಪಿದೆ. ಬಾಡಿಗೆಯನ್ನು ಮರುಮಾತಿಲ್ಲದೆ ಹಿಂದಿರುಗಿಸಿದರು. ಪ್ರತಿಯನ್ನು ಕಪಾಟಿಗೆ ಸೇರಿಸುವ ಮೊದಲೇ ಪುಟ ಎಣಿಸಬಾರದಿತ್ತೇ ಎಂದು ಕೇಳಿದ್ದಕ್ಕೆ ಮಾತ್ರ ಉತ್ತರ ಬರಲಿಲ್ಲ. ಈ ಒಂದು ಉದಾಸೀನಕ್ಕೆ ನಾನು ಅಂಗಡಿಯ ಅಂಕಗಳನ್ನು ಖಂಡಿತ ಕಡಿಯುತ್ತೇನೆ.

ಒಳಗೆ ಏನಾಯಿತೆಂದು ನೀವಾದರೂ ಹೇಳಿರೆಂದೆ. ಅವರು ಆ ಕಾದಂಬರಿಯನ್ನು ಹಿಂದೊಮ್ಮೆ ಓದಿದ್ದರು. ಸ್ವಲ್ಪ ಯೋಚಿಸಿ, 'ಒಳಗ ಏನೂ ಇಲ್ರಿ. ಕತ್ತಲ ಅದ, ನೀರ ಅದ. ಅಂವ ನಡೀತಾನ, ಅಷ್ಟ' ಎಂದರು. ನಾಯಿಯ ವಿಷಯ ಕೇಳಿದೆ. 'ಅದು ನೀವ ಓದ್ರಿ' ಎಂದು ವಹಿಯತ್ತ ತಿರುಗಿದರು. ಏನೂ ಇಲ್ಲದ ಕತ್ತಲನ್ನು ಹದಿನಾರು ಪುಟ ನಡೆಸುವ ಲೇಖಕ, ಹೆಡೆಯೆತ್ತಿದ ಹತ್ತು ಸರ್ಪಗಳನ್ನು ತಂದು ನಿಲ್ಲಿಸುವವನಿಗಿಂತ ಬಲ್ಲಿದನೆಂದು ನನಗೆ ಅಂದು ತೋರಿತು. ಓದುಗನಾಗಿ ಅದನ್ನು ಮೆಚ್ಚಿದೆ. ಝರಣಿಯಿಂದ ಹಿಂದಿರುಗಿದ ಹುಡುಗನಾಗಿ ಮೆಚ್ಚಲಿಲ್ಲ.

ಇತರ ಕೊರತೆಗಳು ಚಿಕ್ಕವು. ಮೇಲಿನ ಹಲಗೆಗಳ ಧೂಳಿಗೆ ಸೀನು ಬರುತ್ತದೆ. ಫೋನ್ ಮಾಡಿ ಪುಸ್ತಕ ಇದೆಯೇ ಎಂದು ಕೇಳುವಂತಿಲ್ಲ, ಯಾರೂ ಎತ್ತುವುದಿಲ್ಲ. ಮೊಬೈಲಿನಿಂದ ಹಣ ಕಳಿಸಲು ಅಂಟಿಸಿದ ಚೌಕದ ಚೀಟಿ ಬಿಸಿಲಿಗೆ ಮಾಸಿಹೋಗಿದೆ. ಚಿಲ್ಲರೆ ಇಟ್ಟುಕೊಂಡು ಹೋಗುವುದು ಒಳ್ಳೆಯದು. ಹೊಸ ಪುಸ್ತಕ ಬೇಕೆಂದರೆ ತರಿಸಿಕೊಡುತ್ತಾರೆ, ಆದರೆ 'ವಾರ' ಎಂದರೆ ಮೂರು ವಾರವೆಂದು ತಿಳಿಯಬೇಕು. ನಕಲಿ ಪ್ರತಿಗಳಿಗೆ ಬೇರೆ ಬಣ್ಣದ ದಾರ ಕಟ್ಟಿರೆಂದು ನಾನು ಎರಡು ಬಾರಿ ಹೇಳಿದ್ದೇನೆ, ನಕ್ಕು ತಲೆಯಾಡಿಸಿದ್ದಾರೆ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ದಾರ ಬಂದ ದಿನ ನಾಲ್ಕು.

ಕಳೆದ ತಿಂಗಳು ಆ ಕಾದಂಬರಿಯ ಅಸಲಿ ಪ್ರತಿಯೊಂದು ಅವರಿಗೆ ಹೈದರಾಬಾದಿನಿಂದ ಸಿಕ್ಕಿದೆ. ಈ ಬಾರಿ ಪುಟಗಳನ್ನು ಎಣಿಸಿ, ಬೆನ್ನಿಗೆ ನನ್ನ ಹೆಸರಿನ ಚೀಟಿ ಅಂಟಿಸಿ, ಗಲ್ಲಾಪೆಟ್ಟಿಗೆಯ ಹಿಂದೆ ಇಟ್ಟಿದ್ದಾರೆ. ಎರಡು ಶನಿವಾರ ಹೋದೆ, ಎರಡು ಸಲವೂ ಅದನ್ನು ಕೈಗೆತ್ತಿಕೊಂಡು 208ನೆಯ ಪುಟದವರೆಗೆ ತಿರುವಿದೆ, ಬೇರೆ ಪುಸ್ತಕ ತೆಗೆದುಕೊಂಡು ಬಂದೆ. ಅವರು ಚೀಟಿಯನ್ನು ಇನ್ನೂ ಕಿತ್ತಿಲ್ಲ.