ಖರ್ಚೆಲ್ಲ ಅವರದೇ: ಮೂನ್ ಪಂಥದ ವಿಜ್ಞಾನ ಸಮ್ಮೇಳನ ಹೇಗಿತ್ತು?

ಕೊರಿಯಾದ ಧರ್ಮಗುರು ಸನ್ ಮ್ಯುಂಗ್ ಮೂನ್ ಅವರ ವಿವಾದಿತ ಧಾರ್ಮಿಕ ಪಂಥ ಯೂನಿಫಿಕೇಶನ್ ಚರ್ಚ್ 1972ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದ ‘ವಿಜ್ಞಾನಗಳ ಏಕತೆ’ ಸಮ್ಮೇಳನ ಮುಂದೆ ಟೋಕಿಯೊ, ಲಂಡನ್, ಸೋಲ್‌ಗಳಲ್ಲೂ ನಡೆಯಿತು. ನೊಬೆಲ್ ವಿಜೇತರಾದ ಜಾನ್ ಎಕ್ಲ್ಸ್, ಯೂಜೀನ್ ವಿಗ್ನರ್ ಕೆಲವು ಸಮ್ಮೇಳನಗಳ ಅಧ್ಯಕ್ಷತೆ ವಹಿಸಿದ್ದರು.

ವ್ಯವಸ್ಥೆಗೆ ಪೂರ್ತಿ ಅಂಕ ಕೊಡಬೇಕು. ಪ್ರಯಾಣ, ಹೋಟೆಲು, ಊಟ ಎಲ್ಲವೂ ಆತಿಥೇಯರದು. ವಿದ್ವಾಂಸರು ವಿಷಯವಾರು ಸಮಿತಿಗಳಲ್ಲಿ ಕೂರುತ್ತಿದ್ದರು. ಪ್ರಬಂಧದ ಬೆನ್ನಿಗೇ ಇನ್ನೊಬ್ಬರ ವಿಮರ್ಶೆ, ಆಮೇಲೆ ಚರ್ಚೆ. ಭೌತವಿಜ್ಞಾನಿ, ದಾರ್ಶನಿಕ, ಅರ್ಥಶಾಸ್ತ್ರಜ್ಞರು ಒಂದೇ ಮೇಜಿಗೆ ಬರುವುದು ಬೇರೆ ಕಡೆ ಅಪರೂಪ. ಪಂಥದ ಅನುಯಾಯಿಯಾಗಬೇಕೆಂಬ ಷರತ್ತೂ ಇರಲಿಲ್ಲ.

ತೊಡಕಿರುವುದು ಬೇರೆಡೆ. ಆಹ್ವಾನ ಬರುತ್ತಿದ್ದುದು ‘ಇಂಟರ್‌ನ್ಯಾಷನಲ್ ಕಲ್ಚರಲ್ ಫೌಂಡೇಶನ್’ ಹೆಸರಿನಲ್ಲಿ; ಚರ್ಚಿನ ನಂಟು ಅದರಿಂದ ತಟ್ಟನೆ ಹೊಳೆಯುವುದಿಲ್ಲ. ನಡಾವಳಿ ಸಂಪುಟ ತೆರೆದು ನೋಡಿ: ಪ್ರಬಂಧಗಳ ಜೊತೆಗೇ ಸಂಸ್ಥಾಪಕ ಮೂನ್ ಅವರ ಭಾಷಣ, ಅದರಲ್ಲಿ ದೇವರನ್ನು ಕೇಂದ್ರವಾಗಿಟ್ಟ ‘ಪರಮ ಮೌಲ್ಯ’ದ ಮಾತು. ಒಳಗೆ ನೀವು ಎಷ್ಟೇ ಸ್ವತಂತ್ರವಾಗಿ ಮಾತಾಡಿ, ಹೊರಗಿನವರ ಕಣ್ಣಿಗೆ ನಿಮ್ಮ ಹೆಸರು ಆ ಭಾಷಣಕ್ಕೆ ಹಾಕಿದ ಮುದ್ರೆ. ಒಪ್ಪಿಕೊಂಡ ಮೇಲೆ ಹಿಂದೆ ಸರಿದವರೂ ಇದ್ದರು. ನಮ್ಮ ದೃಷ್ಟಿಯಲ್ಲಿ ಅದು ನ್ಯಾಯವಾದ ನಡೆ.

2017ರಲ್ಲಿ ಸೋಲ್‌ನಲ್ಲಿ ಈ ಸರಣಿಗೆ ಮರುಜೀವ ಬಂತು. ಇಂಥ ಕರೆ ಈಗ ಬಂದರೆ, ಟಿಕೆಟ್ ತೆಗೆಸುವ ಮೊದಲೇ ಪತ್ರ ಬರೆದು ಕೇಳಿ: ಹಣ ಯಾರದು, ಉದ್ಘಾಟನೆಯಲ್ಲಿ ಯಾರು ಮಾತಾಡುತ್ತಾರೆ, ನಮ್ಮ ಫೋಟೊ ಎಲ್ಲೆಲ್ಲಿ ಬಳಸುತ್ತೀರಿ, ಪ್ರಬಂಧದ ಹಕ್ಕು ಯಾರಿಗೆ. ಉತ್ತರ ಬರಹದಲ್ಲೇ ಇರಲಿ.